ಹಳೇ ಆರ್ನಮೆಂಟಲ್ ಮಿಲ್ ಕೊಂಡು, ಸರಿಮಾಡಿ, ಮತ್ತೆ ಓಡಿಸುವುದು ಹೇಗೆ

ಮೇಜಿನ ಕಾಲಿನ ಮೇಲೆ, ಮಂಚದ ಕಂಬದ ಮೇಲೆ ಹಗ್ಗ ಹೊಸೆದ ಹಾಗೆ ಸುತ್ತಿಕೊಂಡು ಹೋಗುವ ಕೆತ್ತನೆ ನೀವು ನೋಡಿರುತ್ತೀರಿ. ಇಂಗ್ಲೆಂಡಿನಲ್ಲಿ 1660ರ ನಂತರ ಈ ಸುರುಳಿ ಕಾಲುಗಳು ತುಂಬಾ ಬಳಕೆಗೆ ಬಂದವು. ಆಗಿನ ಬಡಗಿಗಳು ಮರದ ಮೇಲೆ ಗೆರೆ ಎಳೆದು, ಗರಗಸದಿಂದ ಕಚ್ಚು ಹಾಕಿ, ಉಳಿ ಮತ್ತು ಅರದಲ್ಲಿ ಕೈಯಿಂದಲೇ ಕೆತ್ತುತ್ತಿದ್ದರು. ಅದೇ ಕೆಲಸವನ್ನು ಒಂದು ಹ್ಯಾಂಡಲ್ ತಿರುಗಿಸಿ ಮಾಡುವ ಯಂತ್ರವೇ ಆರ್ನಮೆಂಟಲ್ ಮಿಲ್. ಅಮೆರಿಕದಲ್ಲಿ ಇಂಥವು ಬೇಕಾದಷ್ಟು ತಯಾರಾದವು. ಈಗ ಅವುಗಳ ತಯಾರಿಕೆ ನಿಂತಿದೆ. ಕೊಂಡವರಿಗೆ ವಯಸ್ಸಾಗಿ, ಯಂತ್ರಗಳು ಗ್ಯಾರೇಜಿನ ಮೂಲೆ ಸೇರಿವೆ.

ನಾನು ಪೀಣ್ಯದ ಒಂದು ಟೂಲ್ ರೂಮಿನಲ್ಲಿ ಮಿಲ್ಲಿಂಗ್ ಕಲಿತವನು. ಈಗ ಇರುವುದು ಓಹಾಯೋದಲ್ಲಿ. ಕಬ್ಬಿಣದ ಕೆಲಸದ ಕಣ್ಣಿನಿಂದ ಈ ಮರದ ಯಂತ್ರಗಳನ್ನು ನೋಡಿದಾಗ ನನಗೆ ಒಂದು ವಿಷಯ ಬಹಳ ಬೇಗ ಖಚಿತವಾಯಿತು. ಈ ಯಂತ್ರದ ಜೀವ ಇರುವುದು ಕೊರೆಯುವ ಭಾಗವನ್ನು ಎಳೆಯುವ ಸ್ಕ್ರೂ ಮತ್ತು ಮರವನ್ನು ತಿರುಗಿಸುವ ಸ್ಪಿಂಡಲ್ ನಡುವಿನ ಸಂಬಂಧದಲ್ಲಿ. ಆ ಎರಡನ್ನು ಕೂಡಿಸುವ ಗೇರುಗಳು ಸರಿಯಾಗಿದ್ದರೆ ಬಾಕಿ ಎಲ್ಲವನ್ನೂ ಪ್ಲೈವುಡ್, ಬೋಲ್ಟ್, ಬೇರಿಂಗ್‌ನಲ್ಲಿ ಕಟ್ಟಿಕೊಳ್ಳಬಹುದು. ಅದು ಹೋಗಿದ್ದರೆ ಬಣ್ಣ ಎಷ್ಟೇ ಹೊಳೆಯುತ್ತಿರಲಿ, ನಿಮ್ಮ ಕೈಗೆ ಬರುವುದು ರೈಲು ಇರುವ ಒಂದು ಮೇಜು ಅಷ್ಟೇ.

ಯಂತ್ರ ಕೆಲಸ ಮಾಡುವ ರೀತಿ

ಎರಡು ಉದ್ದದ ರೈಲುಗಳ ನಡುವೆ ಮರದ ತುಂಡು ಮಲಗಿರುತ್ತದೆ. ಅದರ ತುದಿಗಳನ್ನು ಹಿಡಿಯಲು ಒಂದು ಕಡೆ ಹೆಡ್‌ಸ್ಟಾಕ್, ಇನ್ನೊಂದು ಕಡೆ ಟೇಲ್‌ಸ್ಟಾಕ್. ಲೇತ್ ನೋಡಿದವರಿಗೆ ಇದು ಗೊತ್ತು. ಆದರೆ ಲೇತಿನಲ್ಲಿ ಮರ ಜೋರಾಗಿ ತಿರುಗುತ್ತದೆ, ಉಳಿ ನಿಧಾನವಾಗಿ ಚಲಿಸುತ್ತದೆ. ಇಲ್ಲಿ ಮರ ನಿಧಾನವಾಗಿ ತಿರುಗುತ್ತದೆ. ಕೊರೆಯುವುದು ಮೇಲೆ ಕೂತ ರೌಟರ್, ಅಂದರೆ ತಿರುಗುವ ಬಿಟ್‌ನಿಂದ ಮರ ಕೊರೆಯುವ ಕರೆಂಟಿನ ಕೈಯಂತ್ರ. ಅದರ ಬಿಟ್ ನಿಮಿಷಕ್ಕೆ 10 ಸಾವಿರದಿಂದ 25 ಸಾವಿರ ಸುತ್ತು ತಿರುಗುತ್ತಿರುತ್ತದೆ. ರೌಟರನ್ನು ಹೊತ್ತ ಕ್ಯಾರೇಜ್ ರೈಲಿನ ಮೇಲೆ ಓಡಾಡುತ್ತದೆ. ಅದನ್ನು ಎಳೆಯುವುದು ಉದ್ದದ ಲೀಡ್ ಸ್ಕ್ರೂ.

ಸ್ಪಿಂಡಲ್ ಲಾಕ್ ಮಾಡಿ ಕ್ಯಾರೇಜ್ ಓಡಿಸಿದರೆ ಮರದ ಉದ್ದಕ್ಕೂ ನೇರವಾದ ಗಾಡಿ, ಅಂದರೆ ಉದ್ದನೆಯ ತೋಡು, ಬೀಳುತ್ತದೆ. ಕ್ಯಾರೇಜ್ ನಿಲ್ಲಿಸಿ ಮರ ತಿರುಗಿಸಿದರೆ ಬಳೆ. ಎರಡೂ ಒಟ್ಟಿಗೆ, ಒಂದೇ ಲೆಕ್ಕದಲ್ಲಿ ಚಲಿಸಿದರೆ ಸುರುಳಿ. ಇಷ್ಟೇ ಇದರ ಗುಟ್ಟು.

ಯಾವ ಯಂತ್ರ ಹುಡುಕಬೇಕು

ಈ ಕಲೆಯ ಹಿರಿಯ ಮನೆ ಲಂಡನ್ನಿನ ಹೋಲ್ಟ್‌ಜಾಪ್‌ಫೆಲ್. 1790ರ ದಶಕದಿಂದ ಅವರು ಆರ್ನಮೆಂಟಲ್ ಲೇತ್‌ಗಳನ್ನು ಮಾಡಿ ಮಾರಿದರು. ದಂತ ಮತ್ತು ಆಫ್ರಿಕದ ಕರಿಮರದ ಮೇಲೆ ಕೂದಲೆಳೆಯ ಕೆತ್ತನೆ ಮಾಡುವ ಯಂತ್ರಗಳು ಅವು. ಇಂಥದ್ದೊಂದು ಸಿಕ್ಕರೆ ದಯವಿಟ್ಟು ಸ್ಪ್ಯಾನರ್ ಕೆಳಗಿಡಿ. ಅದು ತಿಳಿದವರ ಕೈಗೆ ಹೋಗಬೇಕಾದ ವಸ್ತು. ಅದನ್ನು ಬದಲಾಯಿಸುವ ಮಾತೇ ಬೇಡ.

ನಮ್ಮಂಥವರಿಗೆ ಸಿಗುವುದು ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಸಿಯರ್ಸ್ ಅಂಗಡಿಗಳು ಕ್ರಾಫ್ಟ್ಸ್‌ಮನ್ ಹೆಸರಿನಲ್ಲಿ ಮಾರುತ್ತಿದ್ದ ರೌಟರ್ ಕ್ರಾಫ್ಟರ್. ಸಣ್ಣದು, ಹಗುರ, ಬೆಲೆಯೂ ಕಡಿಮೆ. ಇದರಲ್ಲಿ ಲೀಡ್ ಸ್ಕ್ರೂ ಬದಲು ಉಕ್ಕಿನ ಕೇಬಲ್ ಇದೆ. ಹ್ಯಾಂಡಲ್ ತಿರುಗಿಸಿದಾಗ ಕೇಬಲ್ ಒಂದು ಡ್ರಮ್ಮಿಗೆ ಸುತ್ತಿಕೊಂಡು ರೌಟರನ್ನು ಎಳೆಯುತ್ತದೆ. ಎರಡನೆಯದು ಯೂಟಾ ರಾಜ್ಯದ ಲೆಗಸಿ ಕಂಪನಿಯ ಆರ್ನಮೆಂಟಲ್ ಮಿಲ್. ಇದು ದೊಡ್ಡದು. ಭಾರವಾದ ಚೌಕಟ್ಟು, ನಿಜವಾದ ಸ್ಕ್ರೂ, ಬದಲಾಯಿಸಬಹುದಾದ ಗೇರುಗಳು. ಮಾಡೆಲ್ 900, 1200 ಎಂಬಂಥ ನಂಬರುಗಳಲ್ಲಿ ಬಂತು. ಕಂಪನಿ ಆಮೇಲೆ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಯಂತ್ರಗಳ ಕಡೆ ಹೊರಳಿತು.

ಕಲಿಯಲು ರೌಟರ್ ಕ್ರಾಫ್ಟರ್ ಸಾಕು. ಮೇಜಿನ ಕಾಲು, ದೀಪದ ಕಂಬ ಅದರಲ್ಲಿ ಚೆನ್ನಾಗಿ ಬರುತ್ತವೆ. ಮಂಚದ ಕಂಬ, ಮೆಟ್ಟಿಲಿನ ಕಂಬ ಮಾಡುವ ಆಸೆ ಇದ್ದರೆ ಲೆಗಸಿಗೆ ಕಾಯಿರಿ. ಎರಡನ್ನೂ ಇಟ್ಟುಕೊಂಡವನು ನಾನು. ಚಿಕ್ಕ ಕೆಲಸಕ್ಕೆ ಇವತ್ತಿಗೂ ಚಿಕ್ಕದನ್ನೇ ಮೇಜಿಗೆ ಹತ್ತಿಸುತ್ತೇನೆ.

ಇಲ್ಲಿ ಯಾರಾದರೂ ತೀರಿಕೊಂಡಾಗ ಅಥವಾ ಮನೆ ಖಾಲಿ ಮಾಡುವಾಗ ಎಸ್ಟೇಟ್ ಸೇಲ್ ಇಡುತ್ತಾರೆ. ಅಲ್ಲಿ ಹುಡುಕಿ. ಹಳೇ ಸಾಮಾನು ಮಾರುವ ಕ್ರೇಗ್ಸ್‌ಲಿಸ್ಟ್ ವೆಬ್‌ಸೈಟಿನಲ್ಲಿ ಹುಡುಕುವಾಗ ಸರಿಯಾದ ಹೆಸರು ಮಾತ್ರ ಹಾಕಿದರೆ ಸಾಲದು. ಮಾರುವ ಮಕ್ಕಳಿಗೆ ಎಷ್ಟೋ ಸಲ ಅದು ಏನೆಂದೇ ಗೊತ್ತಿರುವುದಿಲ್ಲ. ರೌಟರ್ ಲೇತ್, ಸ್ಪೈರಲ್ ಯಂತ್ರ, ಬರೀ ಹಳೇ ಲೇತ್, ಹೀಗೆಲ್ಲ ಹಾಕಿ ನೋಡಿ. ಫೋಟೋದಲ್ಲಿ ಎರಡು ರೈಲಿನ ಮೇಲೆ ಒಂದು ಸೇತುವೆ ಕಂಡರೆ ಫೋನ್ ಮಾಡಿ.

ನೋಡಲು ಹೋದಾಗ

ಜೇಬಿನಲ್ಲಿ ಒಂದು ಟಾರ್ಚ್, ವರ್ನಿಯರ್, ಗಟ್ಟಿ ನೂಲು ಇರಲಿ. ರೌಟರ್ ಓಡುತ್ತದಾ ಅಂತ ಮೊದಲು ನೋಡುವವರೇ ಜಾಸ್ತಿ. ಅದು ಕೊನೆಗೆ ನೋಡಬೇಕಾದದ್ದು. ರೌಟರ್ ಯಾವತ್ತೂ ಹೊಸದು ಸಿಗುತ್ತದೆ.

ಮೊದಲು ಹ್ಯಾಂಡಲ್ ಹಿಡಿದು ಕ್ಯಾರೇಜನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಓಡಿಸಿ. ಕಣ್ಣು ಮುಚ್ಚಿ ಕೈಯಿಂದ ಕೇಳಿ. ಉದ್ದಕ್ಕೂ ಒಂದೇ ಸಮ ಬಿಗಿ ಇದ್ದರೆ ಬರೀ ಕೊಳೆ, ತೊಳೆದರೆ ಹೋಗುತ್ತದೆ. ಒಂದು ಸುತ್ತಿಗೊಮ್ಮೆ ಬಿಗಿ-ಸಡಿಲ, ಬಿಗಿ-ಸಡಿಲ ಆದರೆ ಸ್ಕ್ರೂ ಬೆಂಡ್ ಆಗಿದೆ. ಒಂದೇ ಜಾಗದಲ್ಲಿ ಮಾತ್ರ ಬಿಗಿಯಾದರೆ ಅಲ್ಲಿ ರೈಲು ಬಾಗಿದೆ ಅಥವಾ ಸ್ಕ್ರೂ ಥ್ರೆಡ್ ಏಟು ತಿಂದಿದೆ. ರೈಲಿನ ಎರಡು ತುದಿಗೆ ನೂಲು ಎಳೆದು ಕಟ್ಟಿ ಬದಿಯಿಂದ ನೋಡಿದರೆ ಬಾಗಿದ್ದು ತಾನಾಗಿ ಕಾಣುತ್ತದೆ.

ಆಮೇಲೆ ಹ್ಯಾಂಡಲನ್ನು ಒಂದು ಕಡೆ ತಿರುಗಿಸಿ ನಿಲ್ಲಿಸಿ, ಮೆಲ್ಲಗೆ ಹಿಂದಕ್ಕೆ ತಿರುಗಿಸಿ. ಸ್ಪಿಂಡಲ್ ಅಲುಗಾಡುವ ಮೊದಲು ಹ್ಯಾಂಡಲ್ ಎಷ್ಟು ದೂರ ಸುಮ್ನೆ ತಿರುಗುತ್ತದೆ? ಅದೇ ಪ್ಲೇ. ಸ್ವಲ್ಪ ಇದ್ದೇ ಇರುತ್ತದೆ, ಹೆದರಬೇಡಿ. ಕಾಲು ಸುತ್ತಿಗಿಂತ ಜಾಸ್ತಿ ಇದ್ದರೆ ಸ್ಕ್ರೂ ಮೇಲೆ ಓಡುವ ನಟ್ ಅಥವಾ ಗೇರ್ ಸವೆದಿದೆ ಎಂದು ಲೆಕ್ಕ ಹಾಕಿ ಬೆಲೆ ಮಾತಾಡಿ.

ಗೇರುಗಳನ್ನು ಒಂದೊಂದಾಗಿ ಕೇಳಿ ಪಡೆಯಿರಿ. ಯಂತ್ರದ ಮೇಲೆ ಇರುವುದು ಒಂದು ಜೊತೆ ಮಾತ್ರ. ಉಳಿದವು ಎಲ್ಲೋ ಒಂದು ಡಬ್ಬಿಯಲ್ಲಿರುತ್ತವೆ. ಆ ಡಬ್ಬಿಯನ್ನು ಗುಜರಿ ಅಂದುಕೊಂಡು ಬೇರೆ ಮಾರಿಬಿಡುತ್ತಾರೆ. ‘ಇದರ ಜೊತೆ ಹಲ್ಲಿನ ಚಕ್ರಗಳು, ತೂತಿನ ತಟ್ಟೆ, ಪ್ಲಾಸ್ಟಿಕ್ ಅಥವಾ ಮರದ ಅಚ್ಚುಗಳು ಏನಾದರೂ ಇದ್ದವಾ?’ ಎಂದು ಕೇಳಿ. ಕಪಾಟು ತೆಗೆದು ನೋಡಲು ಮರ್ಯಾದೆಯಿಂದ ಅನುಮತಿ ಕೇಳಿ. ಸಾಮಾನ್ಯವಾಗಿ ಸಂತೋಷದಿಂದಲೇ ತೋರಿಸುತ್ತಾರೆ.

ಅಚ್ಚಿಗೆ ಎರಕ ಹೊಯ್ದ ಭಾಗಗಳಲ್ಲಿ ಬಿರುಕು ಹುಡುಕಿ. ಬೂದು ಬಣ್ಣದ ಸತುವಿನ ಅಚ್ಚು ಬಿರುಕು ಬಿಟ್ಟರೆ ವೆಲ್ಡ್ ಮಾಡುವುದು ಬಹಳ ಕಷ್ಟ. ಅಂಥ ಭಾಗವನ್ನು ಅಲ್ಯೂಮಿನಿಯಂ ತಟ್ಟೆಯಲ್ಲಿ ಹೊಸದಾಗಿ ಮಾಡಬೇಕಾಗುತ್ತದೆ. ತುಕ್ಕಿಗೆ ಹೆದರಬೇಕಿಲ್ಲ. ತುಕ್ಕು ಬೆಲೆ ಇಳಿಸುತ್ತದೆ, ಯಂತ್ರವನ್ನು ಕೊಲ್ಲುವುದು ಅಪರೂಪ.

ಬಿಚ್ಚುವುದು, ತೊಳೆಯುವುದು

ಮನೆಗೆ ತಂದ ಮೇಲೆ ಮೊದಲ ಕೆಲಸ ಫೋಟೋ. ಎಲ್ಲಾ ಕಡೆಯಿಂದ, ವಿಶೇಷವಾಗಿ ಗೇರುಗಳ ಕಡೆಯಿಂದ. ಬಿಚ್ಚುವ ಮೊದಲು ಕೂಡುವ ಎರಡು ಹಲ್ಲುಗಳ ಮೇಲೆ ಬಣ್ಣದ ಚುಕ್ಕೆ ಇಡಿ. ಶಿಮ್‌ಗಳನ್ನು, ಅಂದರೆ ಕೆಳಗೆ ಸಿಕ್ಕಿಸಿದ ತೆಳು ತಗಡುಗಳನ್ನು, ಬೇರೆ ಬೇರೆ ಲಕೋಟೆಯಲ್ಲಿ ಹಾಕಿ ಜಾಗ ಬರೆಯಿರಿ. ಕಾಗದದಷ್ಟು ತೆಳುವಾದ ಆ ತಗಡನ್ನು ಯಾರೋ ಬಹಳ ತಾಳ್ಮೆಯಿಂದ ಅಲ್ಲಿಟ್ಟಿರುತ್ತಾರೆ.

ಹಳೆಯ ಗ್ರೀಸಿಗೆ ಸೀಮೆಎಣ್ಣೆ ಮತ್ತು ಬಟ್ಟೆ ಒಗೆಯುವ ಬ್ರಷ್ ಸಾಕು. ತುಕ್ಕಿಗೆ ಮಾತ್ರ ಲೋಹ ನೋಡಿ ದಾರಿ ಆರಿಸಿ. ಉಕ್ಕಿನ ಚಿಕ್ಕ ಭಾಗಗಳನ್ನು ಬಿಳಿ ವಿನೆಗರ್‌ನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಉಜ್ಜಿ, ಅಡುಗೆ ಸೋಡಾ ನೀರಿನಲ್ಲಿ ತೊಳೆದು ತಕ್ಷಣ ಒಣಗಿಸಿ ಎಣ್ಣೆ ಸವರಿ. ದೊಡ್ಡ ಭಾಗಕ್ಕೆ ವಾಷಿಂಗ್ ಸೋಡಾ ನೀರು ಮತ್ತು 12 ವೋಲ್ಟ್ ಬ್ಯಾಟರಿ ಚಾರ್ಜರ್ ಬಳಸುವ ವಿಧಾನ ಚೆನ್ನಾಗಿದೆ. ತುಕ್ಕು ಹಿಡಿದ ಭಾಗಕ್ಕೆ ಮೈನಸ್, ಬೇಡದ ಕಬ್ಬಿಣದ ತುಂಡಿಗೆ ಪ್ಲಸ್. ಇದನ್ನು ಬಯಲಲ್ಲಿ ಮಾಡಿ, ಹೈಡ್ರೋಜನ್ ಬರುತ್ತದೆ. ಪ್ಲಸ್ ಕಡೆಗೆ ಸ್ಟೇನ್‌ಲೆಸ್ ಸ್ಟೀಲ್ ಹಾಕಲೇಬೇಡಿ. ಅದರ ಕ್ರೋಮಿಯಂ ವಿಷವಾಗಿ ನೀರಿಗೆ ಇಳಿಯುತ್ತದೆ. ಅಲ್ಯೂಮಿನಿಯಂ ಮತ್ತು ಸತುವಿನ ಭಾಗಗಳನ್ನು ಈ ಎರಡರಲ್ಲೂ ಮುಳುಗಿಸಬಾರದು. ಲೋಹವೇ ಕರಗಿ ಹೋಗುತ್ತದೆ. ಅವಕ್ಕೆ ಸೋಪು ನೀರು, ಬ್ರಷ್ ಅಷ್ಟೇ.

ಬಣ್ಣ ಕೆರೆಯುವ ಮುಂಚೆ ಯಂತ್ರದ ವಯಸ್ಸು ಯೋಚಿಸಿ. ಅಮೆರಿಕದಲ್ಲಿ ಮನೆ ಬಳಕೆಯ ಬಣ್ಣದಲ್ಲಿ ಸೀಸ ನಿಷೇಧವಾದದ್ದು 1978ರಲ್ಲಿ. ಅದಕ್ಕಿಂತ ಹಳೆಯ ಬಣ್ಣವನ್ನು ಒಣಗಿದ್ದಾಗ ಉಜ್ಜಿ ಧೂಳು ಎಬ್ಬಿಸಬೇಡಿ. ಒದ್ದೆ ಮಾಡಿ ತೆಗೆಯಿರಿ. ಬಣ್ಣ ಗಟ್ಟಿಯಾಗಿ ಕೂತಿದ್ದರೆ ಹಾಗೇ ಬಿಡಿ ಎಂಬುದೇ ನನ್ನ ಸಲಹೆ. ಯಂತ್ರಕ್ಕೆ ಅದರ ಹಳೇ ಬಣ್ಣ ಚೆಂದ.

ಬೇರಿಂಗುಗಳನ್ನು ಬೆರಳಲ್ಲಿ ತಿರುಗಿಸಿ ನೋಡಿ. ಗರಗರ ಎಂದರೆ ಬದಲಾಯಿಸಿ. ಮೇಲೆ 608, 6202, 6203 ಎಂದೇನಾದರೂ ನಂಬರ್ ಇರುತ್ತದೆ. ಈ ನಂಬರುಗಳ ಅಳತೆ ಜಗತ್ತಿನಲ್ಲೆಲ್ಲ ಒಂದೇ. 6202 ಅಂದರೆ ಒಳಗೆ 15, ಹೊರಗೆ 35, ದಪ್ಪ 11 ಮಿಲಿಮೀಟರ್. ಓಹಾಯೋದಲ್ಲಿ ಕೇಳಿದರೂ ಅದೇ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೇಳಿದರೂ ಅದೇ. ಎರಡೂ ಕಡೆ ರಬ್ಬರ್ ಮುಚ್ಚಿದ್ದನ್ನೇ ಕೊಳ್ಳಿ. ಮರದ ಧೂಳು ಬೇರಿಂಗಿನ ದೊಡ್ಡ ಶತ್ರು.

ಅದೇ ಕಾರಣಕ್ಕೆ ರೈಲಿಗೆ ಎಣ್ಣೆ ಹಾಕಬೇಡಿ. ಎಣ್ಣೆ ಮತ್ತು ಧೂಳು ಸೇರಿ ಅಂಟಾಗುತ್ತದೆ. ಪೇಸ್ಟ್ ವ್ಯಾಕ್ಸ್ ಸವರಿ ಒರೆಸಿ. ಸಿಲಿಕೋನ್ ಸ್ಪ್ರೇ ಬಳಸಬೇಡಿ. ಅದು ಮರಕ್ಕೆ ತಾಗಿದರೆ ಪಾಲಿಶ್ ಹಾಕುವಾಗ ಗುಳ್ಳೆ ಗುಳ್ಳೆಯಾಗಿ ಹರಿದು ಹೋಗುತ್ತದೆ.

ಸ್ಕ್ರೂ ಮತ್ತು ನಟ್

ಇಲ್ಲಿ ನಿಧಾನಿಸಿ. ಇದಕ್ಕೆ ಕೊಟ್ಟ ಸಮಯ ಪೂರ್ತಿ ವಾಪಸ್ ಬರುತ್ತದೆ.

ಸ್ಕ್ರೂವನ್ನು ತೆಗೆದು ಎರಡು ವಿ-ಬ್ಲಾಕ್ (ವಿ ಆಕಾರದ ಕಚ್ಚಿರುವ ದಿಮ್ಮಿ) ಮೇಲಿಟ್ಟು ತಿರುಗಿಸಿ, ಸಣ್ಣ ಏರಿಳಿತವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಇಟ್ಟು ನೋಡಿ. ಗೇಜ್ ಇಲ್ಲದಿದ್ದರೆ ಗಾಜಿನ ಮೇಲೆ ಉರುಳಿಸಿ, ಕೆಳಗಿನ ಸಂದಿಯಲ್ಲಿ ಬರುವ ಬೆಳಕು ನೋಡಿ. ಬೆಂಡ್ ಎಲ್ಲಿ ಹೆಚ್ಚೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಉಬ್ಬನ್ನು ಮೇಲೆ ಮಾಡಿ, ಮರದ ತುಂಡು ಅಡ್ಡವಿಟ್ಟು ಮೆಲ್ಲಗೆ ಒತ್ತಿ. ಸುತ್ತಿಗೆಯಿಂದ ಥ್ರೆಡ್ ಮೇಲೆ ಹೊಡೆಯಬೇಡಿ. ಸ್ವಲ್ಪ ಒತ್ತು, ಅಳೆ, ಮತ್ತೆ ಒತ್ತು. ಉಕ್ಕು ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ, ಅದಕ್ಕೇ ಪ್ರತಿ ಸಲ ಅಳೆಯಬೇಕು.

ಸ್ಕ್ರೂಗಿಂತ ನಟ್ ಬೇಗ ಸವೆಯುತ್ತದೆ, ಅದು ಸವೆಯಲೆಂದೇ ಇರುವುದು. ಹೊಸ ನಟ್ ಅಂಗಡಿಯಲ್ಲಿ ಸಿಗದಿದ್ದರೆ ಅಸಿಟಲ್ ಪ್ಲಾಸ್ಟಿಕ್‌ನಲ್ಲಿ ಮಾಡಿಕೊಳ್ಳಬಹುದು. ಡೆಲ್ರಿನ್ ಎಂದು ಮಾರುವುದು ಇದನ್ನೇ. ಒಂದು ಅಸಿಟಲ್ ಬ್ಲಾಕನ್ನು ಎರಡು ಹೋಳು ಮಾಡಿ. ಮತ್ತೆ ಜೋಡಿಸಿ ಹಿಡಿದು ನಡುವೆ ತೂತು ಕೊರೆಯಿರಿ. ತೂತು ಸ್ಕ್ರೂ ಥ್ರೆಡ್ಡಿನ ಬುಡದ ಅಳತೆಗಿಂತ ಒಂದು ಕೂದಲು ದೊಡ್ಡದಿರಲಿ. ಹೋಳುಗಳ ನಡುವೆ ಸ್ಕ್ರೂ ಇಟ್ಟು ವೈಸ್‌ನಲ್ಲಿ ಹಗುರವಾಗಿ ಹಿಡಿಯಿರಿ. ಈಗ ಸ್ಕ್ರೂವಿನ ಎರಡೂ ಬದಿಯನ್ನು ಗ್ಯಾಸ್ ಟಾರ್ಚ್‌ನಲ್ಲಿ ಬಿಸಿ ಮಾಡಿ. ಜ್ವಾಲೆ ಪ್ಲಾಸ್ಟಿಕ್ಕಿಗೆ ತಾಗಬಾರದು. ಬಿಸಿ ಒಳಗೆ ಹರಿದಾಗ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ವೈಸನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಹೋಗಿ. ಹೋಳುಗಳು ಕೂಡಿದ ಮೇಲೆ ಪೂರ್ತಿ ತಣ್ಣಗಾಗಲು ಬಿಡಿ. ಆಮೇಲೆ ಸ್ಕ್ರೂ ತಿರುಗಿಸಿ ಹೊರತೆಗೆದರೆ, ಅದೇ ಸ್ಕ್ರೂವಿನ ಅಚ್ಚು ಬಿದ್ದ ನಟ್ ತಯಾರು. ಪ್ಲೇ ಇಲ್ಲವೇ ಇಲ್ಲ ಅನ್ನುವಷ್ಟು ಚೆನ್ನಾಗಿರುತ್ತದೆ. ಅಸಿಟಲ್ ತೀರಾ ಕಾದರೆ ಫಾರ್ಮಾಲ್ಡಿಹೈಡ್ ಅನಿಲ ಬರುತ್ತದೆ, ಕಣ್ಣು ಮೂಗು ಉರಿಯುತ್ತದೆ. ಬಾಗಿಲು ತೆರೆದು, ಅಥವಾ ಹೊರಗೆ ಅಂಗಳದಲ್ಲಿ ಮಾಡಿ.

ರೌಟರ್ ಕ್ರಾಫ್ಟರ್ ಇರುವವರಿಗೆ ಈ ಜಾಗದಲ್ಲಿ ಕೇಬಲ್ ಕೆಲಸ. ಹಳೆಯ ಕೇಬಲ್ಲಿನ ಒಂದು ಎಳೆ ಎದ್ದಿದ್ದರೂ ಬದಲಾಯಿಸಿ. ಬರಿಗೈಯಲ್ಲಿ ಸವರಬೇಡಿ, ಚುಚ್ಚುತ್ತದೆ. 7×19 ಎಂಬ ಹೆಣಿಗೆಯ ತೆಳು ಉಕ್ಕಿನ ಕೇಬಲ್ ಡ್ರಮ್ಮಿಗೆ ಚೆನ್ನಾಗಿ ಬಾಗಿ ಸುತ್ತಿಕೊಳ್ಳುತ್ತದೆ. ಒಂದು ತುದಿಗೆ ಚಿಕ್ಕ ಟರ್ನ್‌ಬಕಲ್ ಹಾಕಿದರೆ ಮುಂದೆ ಬಿಗಿ ಮಾಡಿಕೊಳ್ಳುವುದು ಸುಲಭ. ಈ ಯಂತ್ರದಲ್ಲಿ ಸುರುಳಿಯ ಉದ್ದವನ್ನು ತೀರ್ಮಾನಿಸುವುದು ಡ್ರಮ್ಮಿನ ಸುತ್ತಳತೆ. ಡ್ರಮ್ಮಿನ ಮೇಲೆ ಎರಡು ಹೋಳಿನ ಮರದ ಬಳೆ ಬಿಗಿದು ದಪ್ಪ ಮಾಡಿದರೆ ಸುರುಳಿ ಉದ್ದವಾಗುತ್ತದೆ. ಬೇಡವಾದಾಗ ಬಿಚ್ಚಿಡಬಹುದು. ಇದಕ್ಕಿಂತ ಸುಲಭವಾದ ಸುಧಾರಣೆ ಇನ್ನೊಂದಿಲ್ಲ.

ಎರಡು ತುದಿ ಒಂದೇ ಎತ್ತರದಲ್ಲಿ

ಜೋಡಿಸಿದ ಮೇಲೆ ಹೆಡ್‌ಸ್ಟಾಕ್ ಮತ್ತು ಟೇಲ್‌ಸ್ಟಾಕ್ ಸೆಂಟರುಗಳು ಒಂದೇ ಗೆರೆಯಲ್ಲಿವೆಯಾ ಎಂದು ನೋಡಬೇಕು. ಎತ್ತರ ಮತ್ತು ಅಡ್ಡ, ಎರಡೂ ಒಂದೇ ಮಟ್ಟಿಗೆ ಮುಖ್ಯ ಅಂತ ಲೇತ್‌ನವರು ಹೇಳುತ್ತಾರೆ. ಇಲ್ಲಿ ಹಾಗಲ್ಲ. ರೌಟರ್ ಕೊರೆಯುವುದು ಮೇಲಿನಿಂದ. ಎತ್ತರದಲ್ಲಿ 1 ಮಿಲಿಮೀಟರ್ ವ್ಯತ್ಯಾಸ ಇದ್ದರೆ ಕಂಬದ ವ್ಯಾಸ ಒಂದು ತುದಿಯಿಂದ ಇನ್ನೊಂದಕ್ಕೆ 2 ಮಿಲಿಮೀಟರ್ ಬದಲಾಗುತ್ತದೆ. ಅಡ್ಡಕ್ಕೆ 1 ಮಿಲಿಮೀಟರ್ ಸರಿದಿದ್ದರೆ 50 ಮಿಲಿಮೀಟರ್ ಕಂಬದ ಅಳತೆಯಲ್ಲಿ ವ್ಯತ್ಯಾಸ ಕಾಣುವುದೇ ಇಲ್ಲ. ಆದರೆ ಕೆತ್ತಿದ ಗಾಡಿ ಒಂದು ಬದಿಗೆ ವಾಲಿದ ಹಾಗೆ ಕಾಣುತ್ತದೆ. ಹಾಗಾಗಿ ಮೊದಲು ಎತ್ತರ, ಆಮೇಲೆ ಅಡ್ಡ.

ಪರೀಕ್ಷೆಗೆ ಒಂದು ಅಗ್ಗದ ಮರದ ತುಂಡು ಹಾಕಿ, ಉದ್ದಕ್ಕೂ ಗುಂಡಗೆ ಮಾಡಿ, ಎರಡು ತುದಿಯ ವ್ಯಾಸವನ್ನು ವರ್ನಿಯರ್‌ನಲ್ಲಿ ಅಳೆಯಿರಿ. ವ್ಯತ್ಯಾಸದ ಅರ್ಧದಷ್ಟು ದಪ್ಪದ ಶಿಮ್ ಬೇಕು. ದಪ್ಪ ಉಳಿದ ತುದಿ ತಗ್ಗಿನಲ್ಲಿದೆ ಎಂದು ಅರ್ಥ, ಅದರ ಕೆಳಗೆ ಇಡಿ. ಕೂಲ್ ಡ್ರಿಂಕ್ ಡಬ್ಬದ ತಗಡು ಒಳ್ಳೆಯ ಶಿಮ್.

ಗೇರ್ ಲೆಕ್ಕ

ಇದನ್ನು ತಿಳಿದುಕೊಂಡರೆ ನೀವು ಕೈಪಿಡಿಯ ಹಂಗಿಲ್ಲದೆ ಬದುಕಬಹುದು.

ಸ್ಕ್ರೂ ಒಂದು ಸುತ್ತಿಗೆ ಕ್ಯಾರೇಜನ್ನು ಎಷ್ಟು ದೂರ ಒಯ್ಯುತ್ತದೆ ಎಂದು ಅಳೆಯಿರಿ. ಕಾಲು ಇಂಚು ಅಂದುಕೊಳ್ಳಿ. ನಿಮಗೆ ಬೇಕಾದ ಸುರುಳಿ 6 ಇಂಚಿಗೆ ಒಂದು ಸುತ್ತು ಬರಬೇಕು. 6 ಇಂಚು ಹೋಗಲು ಸ್ಕ್ರೂ 24 ಸುತ್ತು ತಿರುಗಬೇಕು. ಅಷ್ಟರಲ್ಲಿ ಮರ ಒಂದೇ ಸುತ್ತು. ಅಂದರೆ 24ಕ್ಕೆ 1. ಇದನ್ನು ಒಂದೇ ಹಂತದಲ್ಲಿ ಮಾಡಿದರೆ ಗೇರ್ ತಟ್ಟೆಯಗಲ ಆಗಿಬಿಡುತ್ತದೆ. ಎರಡು ಹಂತ ಮಾಡಿ. ಮೊದಲನೆಯದರಲ್ಲಿ 12 ಹಲ್ಲಿನಿಂದ 48 ಹಲ್ಲಿಗೆ, ಅಂದರೆ 4. ಎರಡನೆಯದರಲ್ಲಿ ಚೈನ್ ಹಾಕಿ 10 ಹಲ್ಲಿನ ಸ್ಪ್ರಾಕೆಟ್‌ನಿಂದ 60ಕ್ಕೆ, ಅಂದರೆ 6. ನಾಲ್ಕಾರಲಿ 24.

ಈ ಜೋಡಣೆಯಲ್ಲಿ ಒಂದು ಸೊಗಸಿದೆ. ಕೊನೆಯ ಸ್ಪ್ರಾಕೆಟ್ 40 ಹಲ್ಲಿನದು ಹಾಕಿದರೆ 4 ಇಂಚಿಗೆ ಒಂದು ಸುತ್ತು, 60ಕ್ಕೆ 6, 80ಕ್ಕೆ 8. ಒಂದನ್ನು ಬದಲಾಯಿಸಿದರೆ ಸಾಕು, ಲೆಕ್ಕ ಬಾಯಲ್ಲೇ ಬರುತ್ತದೆ.

ಎಡಸುರುಳಿ ಬೇಕಾದರೆ ನಡುವೆ ಒಂದು ಐಡ್ಲರ್ ಗೇರ್ ಸೇರಿಸಿ. ಅದರ ಹಲ್ಲು ಎಷ್ಟಿದ್ದರೂ ಲೆಕ್ಕ ಬದಲಾಗುವುದಿಲ್ಲ, ದಿಕ್ಕು ಮಾತ್ರ ತಿರುಗುತ್ತದೆ. ಒಂದೇ ಮೇಜಿನ ಎಡಗಾಲು ಬಲಗಾಲು ಒಂದಕ್ಕೊಂದು ಕನ್ನಡಿಯಲ್ಲಿ ಕಂಡಂತೆ ಇರಬೇಕು, ಅಲ್ವಾ? ಆದ್ದರಿಂದ ಐಡ್ಲರ್ ಇಲ್ಲದ ಯಂತ್ರವನ್ನು ಅರ್ಧ ಯಂತ್ರ ಎಂದೇ ತಿಳಿಯುತ್ತೇನೆ.

ಎಷ್ಟು ಉದ್ದದ ಸುರುಳಿ ಚೆಂದ? ಕಂಬದ ವ್ಯಾಸದ ಮೂರರಷ್ಟು ತೆಗೆದುಕೊಂಡರೆ ಗಾಡಿ ಸುಮಾರು 46 ಡಿಗ್ರಿ ಓರೆಯಾಗುತ್ತದೆ. 2 ಇಂಚು ಕಂಬಕ್ಕೆ 6 ಇಂಚು. ಇದು ಹಗ್ಗದ ವಿನ್ಯಾಸಕ್ಕೆ ತುಂಬಾ ಒಪ್ಪುತ್ತದೆ. ನಾಲ್ಕು ಎಳೆಯ ಹಗ್ಗವಾದರೆ ಪಕ್ಕಪಕ್ಕದ ಗಾಡಿಗಳ ನಡುವೆ ಉದ್ದಕ್ಕೆ ಅಳೆದಾಗ ಒಂದೂವರೆ ಇಂಚು ಇರುತ್ತದೆ. ಬಿಟ್ ಎಷ್ಟು ಅಗಲ ಇರಬೇಕು ಎಂದು ಇದರಿಂದ ತಿಳಿಯುತ್ತದೆ.

ಕಳೆದುಹೋದ ಗೇರ್ ಹುಡುಕುವಾಗ ಉಳಿದ ಗೇರಿನ ಹಲ್ಲು ಎಣಿಸಿ 2 ಸೇರಿಸಿ, ಹೊರ ವ್ಯಾಸದಿಂದ ಭಾಗಿಸಿ. 48 ಹಲ್ಲು, ಹೊರ ವ್ಯಾಸ ಎರಡೂವರೆ ಇಂಚು ಇದ್ದರೆ 50 ಭಾಗಿಸು 2.5, ಬಂದದ್ದು 20. ಅಂಗಡಿಯಲ್ಲಿ 20 ಡಯಮೆಟ್ರಲ್ ಪಿಚ್ ಎಂದು ಕೇಳಿ. ಹಲ್ಲಿನ ಓರೆ ಹದಿನಾಲ್ಕೂವರೆ ಡಿಗ್ರಿಯೋ 20 ಡಿಗ್ರಿಯೋ ಎಂದೂ ನೋಡಿ, ಬೆರೆಸಿದರೆ ಸದ್ದು ಮಾಡಿ ಸವೆಯುತ್ತವೆ. ಹೊಸದು ಸಿಗುವವರೆಗೆ 3ಡಿ ಪ್ರಿಂಟ್ ಮಾಡಿದ ನೈಲಾನ್ ಗೇರ್ ನಡೆಯುತ್ತದೆ. ಕೈಯಿಂದ ತಿರುಗಿಸುವ ಯಂತ್ರದ ಭಾರ ಅದು ತಡೆಯುತ್ತದೆ.

ಗೇರುಗಳಲ್ಲಿ ಉಳಿದ ಪ್ಲೇ ಹೋಗಲಾಡಿಸಲು ಒಂದು ಹಳೇ ಉಪಾಯ. ಸ್ಪಿಂಡಲ್ ಹಿಂಭಾಗಕ್ಕೆ ಗಟ್ಟಿ ದಾರ ಸುತ್ತಿ ಎರಡು ಮೂರು ಕಿಲೋ ತೂಕ ನೇತುಹಾಕಿ. ಹಲ್ಲುಗಳು ಯಾವಾಗಲೂ ಒಂದೇ ಬದಿಗೆ ಒತ್ತಿಕೊಂಡಿರುತ್ತವೆ. ತೂಕ ಇಳಿಯಲು ಜಾಗ ಇದೆಯಾ ಎಂದು ಲೆಕ್ಕ ಹಾಕಿ. 36 ಇಂಚಿನ ಕಂಬಕ್ಕೆ 6 ಇಂಚಿನ ಸುರುಳಿ ಅಂದರೆ 6 ಸುತ್ತು. ದಾರ ಸುತ್ತುವ ಜಾಗ 30 ಮಿಲಿಮೀಟರ್ ವ್ಯಾಸದ್ದಾದರೆ ತೂಕ ಸುಮಾರು 57 ಸೆಂಟಿಮೀಟರ್ ಇಳಿಯುತ್ತದೆ. ಮೇಜಿನ ಎತ್ತರದೊಳಗೆ ಆರಾಮವಾಗಿ ಆಗುತ್ತದೆ.

ಹೊಸ ಇಂಡೆಕ್ಸ್ ಪ್ಲೇಟ್

ಕಂಬದ ಸುತ್ತ ಎಷ್ಟು ಗಾಡಿ ಎಂದು ಹೇಳುವುದು ತೂತಿನ ತಟ್ಟೆ. 24 ತೂತಿದ್ದರೆ 2, 3, 4, 6, 8, 12 ಬರುತ್ತವೆ. 5 ಬರುವುದಿಲ್ಲ, 9 ಬರುವುದಿಲ್ಲ. ಐದು ದಳದ ವಿನ್ಯಾಸಕ್ಕೆ 60, ಒಂಬತ್ತಕ್ಕೆ 36 ತೂತಿನ ಸಾಲು ಸೇರಿಸಿಕೊಳ್ಳಿ. ಕಂಪ್ಯೂಟರಿನಲ್ಲಿ ವೃತ್ತ ಭಾಗ ಮಾಡಿ ಪ್ರಿಂಟ್ ತೆಗೆದು, 12 ಮಿಲಿಮೀಟರ್ ಪ್ಲೈವುಡ್‌ಗೆ ಅಂಟಿಸಿ, ಚೂಪಾದ ಮೊಳೆಯಿಂದ ಗುರುತು ಹಾಕಿ ಕೊರೆದರೆ ಆಯಿತು. ತಟ್ಟೆ ದೊಡ್ಡದಿದ್ದಷ್ಟೂ ಒಳ್ಳೆಯದು. 200 ಮಿಲಿಮೀಟರ್ ವೃತ್ತದಲ್ಲಿ ತೂತು ಅರ್ಧ ಮಿಲಿಮೀಟರ್ ಆಚೀಚೆ ಆದರೂ 50 ಮಿಲಿಮೀಟರ್ ಕಂಬದ ಮೇಲೆ ಅದು ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗ. ಕಣ್ಣಿಗೆ ಕಾಣುವುದಿಲ್ಲ.

ಏನು ಬದಲಾಯಿಸಬೇಕು, ಏನು ಬಾರದು

ಯಂತ್ರ ಮೊದಲು ಹೇಗಿತ್ತೋ ಹಾಗೆ ಓಡಿಸಿ, ಕೆಲವು ಕಂಬಗಳನ್ನು ಮಾಡಿದ ಮೇಲೆಯೇ ಬದಲಾವಣೆಗೆ ಕೈ ಹಾಕಿ. ಯಾವ ಬದಲಾವಣೆಯೂ ಬೋಲ್ಟ್ ಬಿಚ್ಚಿದರೆ ಹಿಂದಕ್ಕೆ ಹೋಗುವಂತಿರಲಿ. ಮೂಲ ಭಾಗಕ್ಕೆ ಗರಗಸ ಹಾಕಬೇಡಿ. ಇವು ಮತ್ತೆ ತಯಾರಾಗುವುದಿಲ್ಲ. ನಮ್ಮ ನಂತರ ಇನ್ನೊಬ್ಬರು ಇದನ್ನು ಓಡಿಸಬೇಕು.

ರೌಟರ್ ಕೂರುವ ತಟ್ಟೆಯನ್ನು ಹೊಸದಾಗಿ ಮಾಡುವುದು ಎಲ್ಲಕ್ಕಿಂತ ಮೊದಲು ಬೇಕಾಗುವ ಬದಲಾವಣೆ. 6 ಮಿಲಿಮೀಟರ್ ಅಲ್ಯೂಮಿನಿಯಂ ಅಥವಾ 12 ಮಿಲಿಮೀಟರ್ ಒಳ್ಳೆಯ ಪ್ಲೈವುಡ್ ಸಾಕು. ಹಳೇ ರೌಟರುಗಳಲ್ಲಿ ವೇಗ ಒಂದೇ, ನಿಮಿಷಕ್ಕೆ 22 ಸಾವಿರಕ್ಕೂ ಜಾಸ್ತಿ. ಅದಕ್ಕೆ ಸಣ್ಣ ಬಿಟ್ ಮಾತ್ರ. 50 ಮಿಲಿಮೀಟರ್ ಬಿಟ್‌ಗೆ 10-12 ಸಾವಿರ ಮೀರಬಾರದು. ವೇಗ ಬದಲಾಯಿಸಬಹುದಾದ ರೌಟರ್ ಹಾಕಿ. ಊರಿಗೆ ಯಂತ್ರ ಒಯ್ಯುವವರು ರೌಟರನ್ನು ಇಲ್ಲೇ ಬಿಟ್ಟು ಹೋಗಿ. ಇಲ್ಲಿನದು 120 ವೋಲ್ಟಿನದು. ಅಲ್ಲಿ 230 ವೋಲ್ಟಿನ ರೌಟರ್ ಕೊಂಡು ಹೊಸ ತಟ್ಟೆಗೆ ಕೂರಿಸಿದರೆ ಮುಗಿಯಿತು. ಉಳಿದ ಯಂತ್ರ ಓಡುವುದು ನಿಮ್ಮ ಕೈಬಲದಿಂದ.

ಹ್ಯಾಂಡಲ್ ತಿರುಗಿಸಿ ತೋಳು ನೋಯುವವರು ಕಾರಿನ ವೈಪರ್ ಮೋಟರ್ ಹಾಕಿಕೊಳ್ಳಬಹುದು. 12 ವೋಲ್ಟ್, ನಿಧಾನ, ಬಲವಾದದ್ದು. ವೇಗ ತಗ್ಗಿಸಲು ಒಂದು ಪಿಡಬ್ಲ್ಯೂಎಂ ಕಂಟ್ರೋಲರ್, ಎರಡು ತುದಿಯಲ್ಲಿ ಲಿಮಿಟ್ ಸ್ವಿಚ್, ಕಾಲಿನ ಹತ್ತಿರ ನಿಲ್ಲಿಸುವ ಸ್ವಿಚ್ ಇರಲೇಬೇಕು. ಮೋಟರಿನಿಂದ ಒಂದೇ ಸಮ ವೇಗ ಬರುವುದರಿಂದ ಸುಟ್ಟ ಕಲೆ ಕಡಿಮೆಯಾಗುತ್ತದೆ, ಅದು ನಿಜವಾದ ಲಾಭ.

ಗೇರ್ ಕಿತ್ತು, ಕಂಪ್ಯೂಟರ್ ಹೇಳಿದಷ್ಟೇ ತಿರುಗುವ ಸ್ಟೆಪ್ಪರ್ ಮೋಟರ್ ಹಾಕುವ ಬಗ್ಗೆ ಬಹಳ ಜನ ಕೇಳುತ್ತಾರೆ. ಮಾಡಬಹುದು, ಯಾವ ಉದ್ದದ ಸುರುಳಿಯಾದರೂ ಬರುತ್ತದೆ. ನಾನು ಮಾಡುವುದಿಲ್ಲ. ಸಿಎನ್‌ಸಿ ಬೇಕಿದ್ದವರು ಸಿಎನ್‌ಸಿಯನ್ನೇ ಕೊಳ್ಳಲಿ. ಗೇರುಗಳನ್ನು ಕಿತ್ತ ಮಿಲ್ ಅದರ ಮುಖ್ಯ ಗುಣವನ್ನೇ ಕಳೆದುಕೊಂಡಂತೆ. ಹ್ಯಾಂಡಲ್ ತಿರುಗಿಸುವಾಗ ಮರದ ಗಂಟು ಕೈಗೆ ತಿಳಿಯುತ್ತದೆ. ಆ ಕ್ಷಣ ನಿಧಾನ ಮಾಡುತ್ತೇನೆ. ಮೋಟರಿಗೆ ಅದು ತಿಳಿಯುವುದಿಲ್ಲ.

ಮೊದಲ ಕಂಬ

ಪಾಪ್ಲರ್‌ನಂಥ ಅಗ್ಗದ, ಒಂದೇ ಸಮ ಎಳೆಯಿರುವ ಮರದಿಂದ ಶುರು ಮಾಡಿ. ಆಮೇಲೆ ಚೆರಿ, ವಾಲ್‌ನಟ್. ಊರಿನಲ್ಲಿದ್ದರೆ ತೇಗ ಚೆನ್ನಾಗಿ ಕೊರೆಯುತ್ತದೆ, ಆದರೆ ಬಿಟ್‌ನ ಅಂಚು ಬೇಗ ಮೊಂಡಾಗುತ್ತದೆ. ಕಾರ್ಬೈಡ್ ಬಿಟ್ ಬೇಕು. ಚನ್ನಪಟ್ಟಣದ ಆಲೆ ಮರವೂ ಮೆದು, ನುಣುಪು, ಈ ಕೆಲಸಕ್ಕೆ ತಕ್ಕದ್ದು. ಆದರೆ ಅಲ್ಲಿನ ಹಾಗೆ ಅರಗು ಹಾಕಲು ಇದರಲ್ಲಿ ಬರುವುದಿಲ್ಲ. ಅರಗಿನ ಕಡ್ಡಿ ಕರಗಬೇಕಾದರೆ ಮರ ಜೋರಾಗಿ ತಿರುಗಬೇಕು, ಮೈ ಗುಂಡಗಿರಬೇಕು. ಸುರುಳಿಗೆ ಬ್ರಷ್ಷಿನಲ್ಲಿ ಶೆಲ್ಯಾಕ್ ಹಚ್ಚಿ.

ಮೊದಲು ಬಿಟ್ ಮರಕ್ಕೆ ತಾಗದಂತೆ ಮೇಲೆತ್ತಿ, ರೌಟರ್ ಆಫ್ ಇಟ್ಟು, ಪೂರ್ತಿ ಉದ್ದ ಒಣ ಓಟ ಮಾಡಿ. ಯಾವ ಬೋಲ್ಟಿಗೂ ತಾಗುವುದಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಕನ್ನಡಕ, ಕಿವಿಗೆ ಮುಚ್ಚಳ, ಧೂಳಿನ ಮಾಸ್ಕ್ ಹಾಕಿ. ವಾಲ್‌ನಟ್ ಮತ್ತು ಬೀಟೆಯ ಧೂಳು ಕೆಲವರಿಗೆ ಚರ್ಮ, ಉಸಿರು ಎರಡಕ್ಕೂ ಆಗುವುದಿಲ್ಲ. ಒಂದು ಸಲಕ್ಕೆ 3 ಮಿಲಿಮೀಟರಿಗಿಂತ ಆಳ ಬೇಡ. ಎಲ್ಲಾ ಗಾಡಿಗಳನ್ನೂ ಒಂದೇ ಆಳಕ್ಕೆ ಮುಗಿಸಿ, ಆಮೇಲೆ ಆಳ ಹೆಚ್ಚಿಸಿ ಮತ್ತೆ ಮೊದಲನೆಯದರಿಂದ ಶುರು ಮಾಡಿ. ಒಂದನ್ನೇ ಪೂರ್ತಿ ಆಳಕ್ಕೆ ಕೊರೆದರೆ ಕಂಬ ಬಾಗಿ, ಎದುರಿನ ಗಾಡಿ ಬೇರೆ ಅಳತೆ ಬರುತ್ತದೆ.

ಕೊರೆಯುವುದು ಯಾವಾಗಲೂ ಒಂದೇ ದಿಕ್ಕಿಗೆ. ಹಿಂದಕ್ಕೆ ಬರುವಾಗ ಬಿಟ್ ಎತ್ತಿಕೊಂಡೇ ಬನ್ನಿ. ಹೊಸ ಗಾಡಿ ಶುರು ಮಾಡುವ ಮುಂಚೆ ಕ್ಯಾರೇಜನ್ನು ಶುರುವಿನ ಗುರುತು ದಾಟಿ ಒಂದಿಷ್ಟು ಹಿಂದೆ ಒಯ್ದು, ಮತ್ತೆ ಮುಂದೆ ತಂದು ನಿಲ್ಲಿಸಿ. ಆಗ ಪ್ಲೇ ಎಲ್ಲಾ ಒಂದೇ ಬದಿಗೆ ಸೇರಿ, ನಾಲ್ಕು ಗಾಡಿಯೂ ಒಂದೇ ಜಾಗದಿಂದ ಏಳುತ್ತವೆ. ಕೊನೆಯ ಸುತ್ತಿಗೆ ಕಾಲು ಮಿಲಿಮೀಟರ್ ಮಾತ್ರ ಉಳಿಸಿ, ಹೊಸದಾಗಿ ಸಾಣೆ ಹಿಡಿದ ಬಿಟ್ ಹಾಕಿ ಅರ್ಧ ವೇಗದಲ್ಲಿ ಓಡಿಸಿ. ಗಾಡಿಯೊಳಗೆ ಉಪ್ಪುಕಾಗದ ತಿಕ್ಕುವುದು ಎಷ್ಟು ಬೇಸರದ ಕೆಲಸ ಎಂದು ಒಂದು ಕಂಬ ಮಾಡಿದವರಿಗೆ ಗೊತ್ತಿರುತ್ತದೆ. ಈ ಕೊನೆಯ ಸುತ್ತು ಅದನ್ನು ಮುಕ್ಕಾಲು ಪಾಲು ಉಳಿಸುತ್ತದೆ.

ಕೆಲಸ ಮುಗಿದ ಮೇಲೆ ಸ್ಕ್ರೂವಿನ ಥ್ರೆಡ್ಡಿನಿಂದ ಧೂಳನ್ನು ಬ್ರಷ್ಷಿನಲ್ಲಿ ತೆಗೆದು, ಹಾಕಿದ ಗೇರುಗಳ ಹಲ್ಲಿನ ಲೆಕ್ಕವನ್ನು ಪೆನ್ಸಿಲ್ಲಿನಲ್ಲಿ ಕಂಬದ ಬುಡದ ಮೇಲೆ ಬರೆದಿಡಿ. ಅದೇ ಜೋಡಿಯ ಇನ್ನೊಂದು ಕಂಬ ಬೇಕೆಂದು ಯಾರಾದರೂ ಕೇಳಿಯೇ ಕೇಳುತ್ತಾರೆ.